ಕೊಡಗಿನಲ್ಲಿ ಒಂದು ವಾರದ ಸ್ಕೌಟ್ ಬೇಸಿಗೆ ಶಿಬಿರ: ಪೋಷಕರು, ಸ್ಕೌಟ್ ಮಾಸ್ಟರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆ ಮುಗಿಯುವ ಹೊತ್ತಿಗೆ ಶಾಲೆಯ ಗೇಟಿನ ಬಳಿ, ಫೋನಿನಲ್ಲಿ, ಪೋಷಕರ ಸಭೆಯಲ್ಲಿ ಪ್ರತಿ ವರ್ಷ ಬರುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಮೊದಲ ಭಾಗ ಪೋಷಕರಿಗೆ. ಮುಂದೆ ಹೋದ ಹಾಗೆ ದಳ (ಸ್ಕೌಟ್ ಮಕ್ಕಳ ತಂಡ) ನಡೆಸುವವರಿಗೆ ಬೇಕಾದ ವಿಷಯ ಹೆಚ್ಚು.

## ಮನೆ ಬಿಡುವ ಮುಂಚೆ

ನಮ್ಮ ಹುಡುಗನಿಗೆ 11 ವರ್ಷ. ಒಂದು ರಾತ್ರಿಯೂ ನಮ್ಮನ್ನು ಬಿಟ್ಟು ಮಲಗಿಲ್ಲ. ಒಂದು ವಾರ ಇರ್ತಾನಾ?

ಇರುತ್ತಾನೆ, ಆದರೆ ಮೊದಲ ರಾತ್ರಿಯೇ ಶಿಬಿರದಲ್ಲಿ ಆಗಬಾರದು. ಶಿಬಿರಕ್ಕೆ ತಿಂಗಳು ಮುಂಚೆ ಅಜ್ಜಿಮನೆಯಲ್ಲೋ ಗೆಳೆಯನ ಮನೆಯಲ್ಲೋ ಎರಡು ರಾತ್ರಿ ಬಿಡಿ. ಅಲ್ಲಿ ತಾನೇ ಹಾಸಿಗೆ ಮಡಚಲಿ, ತನ್ನ ಒಳಬಟ್ಟೆ ತಾನೇ ಒಗೆಯಲಿ, ತಟ್ಟೆ ತೊಳೆಯಲಿ. ಸ್ಕೌಟ್ ವಿಭಾಗಕ್ಕೆ 10 ವರ್ಷ ತುಂಬಿದವರೇ ಬರುವುದು. ಆ ವಯಸ್ಸಿಗೆ ಈ ಮೂರೂ ಕೆಲಸ ಬಂದೇ ಬರುತ್ತದೆ, ಮಾಡಿಸಿರುವುದಿಲ್ಲ ಅಷ್ಟೆ. ಶಿಬಿರದಲ್ಲಿ ಮಕ್ಕಳು ಸೋಲುವುದು ಹೆಚ್ಚಾಗಿ ಇಂಥ ಸಣ್ಣ ಕೆಲಸಗಳಲ್ಲಿ. ಗಂಟು ಕಟ್ಟಲು ಬಾರದೆ ಅತ್ತ ಮಕ್ಕಳು ಕಡಿಮೆ, ಒದ್ದೆ ಟವೆಲ್ ಏನು ಮಾಡಬೇಕೆಂದು ತಿಳಿಯದೆ ಅತ್ತವರು ಬಹಳ.

ಮೂರು ದಿನ ಸಾಲದಾ? ವಾರ ಪೂರ್ತಿ ಯಾಕೆ?

ಬೇಡನ್ ಪೊವೆಲ್ 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸಿ ದ್ವೀಪದಲ್ಲಿ ಸುಮಾರು 20 ಹುಡುಗರನ್ನು ನಾಲ್ಕು ಪಟ್ರೋಲ್ ಮಾಡಿ ನಡೆಸಿದ ಮೊದಲ ಶಿಬಿರವೂ ಒಂದು ವಾರದ್ದೇ. ಮೊದಲ ಎರಡು ದಿನ ಜಾಗ, ಊಟ, ನಿದ್ದೆ ಹೊಂದುವುದರಲ್ಲೇ ಹೋಗುತ್ತವೆ. ಪಟ್ರೋಲ್ ಅಂದರೆ 6ರಿಂದ 8 ಮಕ್ಕಳ ಗುಂಪು. ಅವರಲ್ಲಿ ಜಗಳ ಬರುವುದು ಮೂರನೇ ದಿನ, ಅದನ್ನು ತಾವೇ ಬಗೆಹರಿಸಿಕೊಂಡು ಒಟ್ಟಿಗೆ ಅಡುಗೆ ಮಾಡತೊಡಗುವುದು ನಾಲ್ಕನೇ ದಿನ. ಮೂರಕ್ಕೇ ನಿಲ್ಲಿಸಿದರೆ ಮಕ್ಕಳು ಜಗಳದ ನೆನಪು ಹೊತ್ತು ಮನೆಗೆ ಬರುತ್ತಾರೆ.

ಕೊಡಗಿನಲ್ಲಿ ಯಾವ ದಿನಾಂಕ ಇಟ್ಟುಕೊಂಡರೆ ಒಳ್ಳೆಯದು?

ಏಪ್ರಿಲ್ ಎರಡನೇ ವಾರ ಮುಗಿದು ರಜೆ ಶುರುವಾದ ಕೂಡಲೇ. ಮೇ 15 ದಾಟಿಸಬೇಡಿ. ಆಮೇಲೆ ಮಧ್ಯಾಹ್ನದ ಗುಡುಗು ಮಳೆ ದಿನ ಬಿಟ್ಟು ದಿನ ಬರುತ್ತದೆ, ಬಟ್ಟೆ ಒಣಗುವುದಿಲ್ಲ, ಜಿಗಣೆ ಏಳುತ್ತದೆ. ಇನ್ನೊಂದು ವಿಷಯ ಹೊರಗಿನವರಿಗೆ ಹೊಳೆಯುವುದಿಲ್ಲ: ಏಪ್ರಿಲ್-ಮೇ ಎಂದರೆ ಕೊಡವ ಕೌಟುಂಬಿಕ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಶುರುವಾದ ಈ ಪಂದ್ಯಾವಳಿಗೆ ಮನೆಮಂದಿಯೆಲ್ಲ ಹೋಗುತ್ತಾರೆ. ಮದುವೆಗಳೂ ಇದೇ ಸಮಯದಲ್ಲಿ. ಹಾಕಿಯ ವೇಳಾಪಟ್ಟಿ ನೋಡದೆ ದಿನಾಂಕ ಇಟ್ಟರೆ ಅರ್ಧ ದಳ ಬರುವುದಿಲ್ಲ, ಜೀಪು, ಪಾತ್ರೆ, ಶಾಮಿಯಾನ ಬಾಡಿಗೆಗೂ ಸಿಗುವುದಿಲ್ಲ.

ಬ್ಯಾಗಿಗೆ ಏನೇನು ಹಾಕಬೇಕು?

ಮೊದಲ ಮಾತು: ಬ್ಯಾಗ್ ತುಂಬಬೇಕಾದ್ದು ಮಗು, ಅಮ್ಮ ಅಲ್ಲ. ಅಮ್ಮ ತುಂಬಿದ ಬ್ಯಾಗಿನಲ್ಲಿ ಏನು ಎಲ್ಲಿದೆ ಎಂದು ಮಗುವಿಗೆ ಗೊತ್ತಿರುವುದಿಲ್ಲ. ಮೊದಲ ರಾತ್ರಿ ಟಾರ್ಚ್ ಹುಡುಕಲು ಇಡೀ ಬ್ಯಾಗ್ ಡೇರೆಯೊಳಗೆ ಸುರಿಯುತ್ತಾನೆ. ಬೆಳಿಗ್ಗೆ ಒಂದು ಕಾಲುಚೀಲ ಇವನದು, ಇನ್ನೊಂದು ಪಕ್ಕದವನದು.

ದಿನಕ್ಕೊಂದು ಕವರ್ ಮಾಡಿಸಿ. ಒಂದು ಟೀ ಶರ್ಟ್, ಒಂದು ಚಡ್ಡಿ, ಒಳಬಟ್ಟೆ, ಕಾಲುಚೀಲ ಒಟ್ಟಿಗೆ ಸುರುಳಿ ಸುತ್ತಿ ಪಾರದರ್ಶಕ ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು ಬಾಯಿ ಕಟ್ಟಬೇಕು. ಇಂಥವು ಏಳು. ಕಾಲುಚೀಲ ಮಾತ್ರ ಎರಡು ಜೊತೆ ಹೆಚ್ಚಿಗೆ. ಸಮವಸ್ತ್ರ ಎರಡು ಜೊತೆ, ಸ್ಕಾರ್ಫ್ ಮತ್ತು ವಾಗಲ್ (ಸ್ಕಾರ್ಫ್ ಹಿಡಿದಿಡುವ ಬಳೆ) ಸೇರಿ. ಒಂದು ಉದ್ದ ತೋಳಿನ ಅಂಗಿ, ಒಂದು ಸ್ವೆಟರ್, ಮಳೆಕೋಟು (ಕೊಡೆ ಬೇಡ, ಎರಡೂ ಕೈ ಕೆಲಸಕ್ಕೆ ಬೇಕು). ತಟ್ಟೆ, ಲೋಟ, ಚಮಚ ಸ್ಟೀಲಿನವು, ಹೆಸರು ಕೊರೆಸಿದವು. ಟಾರ್ಚ್ ಮತ್ತು ಒಂದು ಜೊತೆ ಹೊಸ ಸೆಲ್, 1 ಲೀಟರ್ ನೀರಿನ ಬಾಟಲಿ, 3 ಮೀಟರ್ ಗಂಟು ಹಗ್ಗ, ಸೂಜಿದಾರ, ನೋಟ್‌ಬುಕ್, ಬಟ್ಟೆ ಒಗೆಯುವ ಸೋಪು, ಆರು ಬಟ್ಟೆ ಕ್ಲಿಪ್.

ಜೀನ್ಸ್ ಬೇಡವೇ ಬೇಡ. ಒಮ್ಮೆ ನೆಂದರೆ ಮಡಿಕೇರಿ ಕಡೆಯ ಹವೆಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಹೊಸ ಶೂ ಕೂಡ ಬೇಡ. ಶಿಬಿರಕ್ಕೆಂದೇ ಕೊಂಡಿದ್ದರೆ ಮೂರು ವಾರ ಮುಂಚಿನಿಂದ ದಿನಕ್ಕೆ ಒಂದು ಗಂಟೆ ಹಾಕಿಸಿ, ಇಲ್ಲದಿದ್ದರೆ ಚಾರಣದ ದಿನ ಹಿಮ್ಮಡಿ ಬೊಬ್ಬೆ ಎದ್ದು ಮಗು ಡೇರೆ ಕಾಯುತ್ತಾ ಕೂರುತ್ತದೆ.

ಎಲ್ಲ ತುಂಬಿದ ಮೇಲೆ ತೂಗಿ. 36 ಕೆಜಿ ಇರುವ ಮಗುವಿಗೆ 6 ಕೆಜಿಯ ಒಳಗಿರಲಿ, ಹಾಸಿಗೆ ಸುರುಳಿ ಬೇರೆ. ಆಮೇಲೆ ಕೋಣೆಯ ದೀಪ ಆರಿಸಿ, "ಟಾರ್ಚ್ ತೆಗಿ, ಮೂರನೇ ದಿನದ ಕವರ್ ತೆಗಿ" ಅನ್ನಿ. ಒಂದು ನಿಮಿಷದಲ್ಲಿ ಕೈಗೆ ಬಂದರೆ ಬ್ಯಾಗ್ ಸರಿಯಾಗಿದೆ.

ಬೇಸಿಗೆ ತಾನೆ, ಹೊದೆಯೋಕೆ ಒಂದು ಬೆಡ್‌ಶೀಟ್ ಸಾಕಲ್ವಾ?

ಕುಶಾಲನಗರ ಕಡೆ ಸಾಕಾಗಬಹುದು. ಮಡಿಕೇರಿ, ಭಾಗಮಂಡಲ, ಕಕ್ಕಬೆ ಕಡೆ ಏಪ್ರಿಲ್‌ನಲ್ಲೂ ನಸುಕಿಗೆ 18 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಮಳೆ ಬಂದ ರಾತ್ರಿ ಇನ್ನೂ ಚಳಿ. ಒಂದು ಉಣ್ಣೆ ಕಂಬಳಿ ಕೊಡಿ. ಚಳಿ ಏರುವುದು ಮೇಲಿನಿಂದಲ್ಲ, ನೆಲದಿಂದ. ಹಾಗಾಗಿ ಕಂಬಳಿಯ ಅರ್ಧ ಕೆಳಗೆ, ಅರ್ಧ ಮೇಲೆ ಬರುವಂತೆ ಮಡಚಿ ಮಲಗುವುದನ್ನು ಮನೆಯಲ್ಲೇ ಕಲಿಸಿ. ಅದರಡಿಗೆ ಒಂದು ಪ್ಲಾಸ್ಟಿಕ್ ಹಾಳೆ.

ಮೊಬೈಲ್ ಕೊಟ್ಟು ಕಳಿಸಬಹುದಾ?

ಬೇಡ. ಅರ್ಧ ಜಾಗಗಳಲ್ಲಿ ಸಿಗ್ನಲ್ ಇರುವುದಿಲ್ಲ, ಇದ್ದ ಕಡೆ ಮಗುವಿನ ಮನಸ್ಸು ಮನೆಯಲ್ಲೇ ಇರುತ್ತದೆ. ತುರ್ತಿಗೆ ಶಿಬಿರ ನಾಯಕರ ನಂಬರ್ ಮತ್ತು ಶಿಬಿರಕ್ಕೆ ಹತ್ತಿರದ ಮನೆಯ ನಂಬರ್ ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಮೈಸೂರಿನಿಂದ, ಮಂಗಳೂರಿನಿಂದ ಬರುವ ಮಕ್ಕಳು ದಾರಿಯಲ್ಲಿ ವಾಂತಿ ಮಾಡ್ತಾರೆ. ಏನು ಮಾಡೋದು?

ಕೊಡಗಿಗೆ ರೈಲಿಲ್ಲ, ತಿರುವಿನ ರಸ್ತೆಯೇ ಗತಿ. ಸಂಪಾಜೆ ಘಾಟಿ ಹತ್ತುವಾಗ ಹಿಂದಿನ ಸೀಟಿನ ಮಕ್ಕಳಿಗೆ ಹೆಚ್ಚು ತೊಂದರೆ. ವಾಂತಿಯ ಅಭ್ಯಾಸ ಇದ್ದವರನ್ನು ಮುಂದೆ ಕೂರಿಸಿ, ಕಣ್ಣು ದೂರದ ರಸ್ತೆಯ ಮೇಲಿರಲಿ. ಹೊರಡುವ ಎರಡು ಗಂಟೆ ಮುಂಚೆ ಇಡ್ಲಿಯಂಥ ಹಗುರ ತಿಂಡಿ ಸಾಕು. ಖಾಲಿ ಹೊಟ್ಟೆಯಲ್ಲಿ ಕೂರಿಸಿದರೂ ವಾಂತಿಯಾಗುತ್ತದೆ. ಮಾತ್ರೆ ಬೇಕಿದ್ದರೆ ಮಗುವಿನ ತೂಕ ಹೇಳಿ ವೈದ್ಯರಿಂದಲೇ ಬರೆಸಿಕೊಂಡು, ಬಸ್ಸು ಹತ್ತುವ ಅರ್ಧ ಗಂಟೆ ಮುಂಚೆಯೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ.

## ಶಿಬಿರದೊಳಗೆ: ಮನಸ್ಸು, ಹೊಟ್ಟೆ, ಮೈ

ಮನೆ ನೆನಪಾಗಿ ಅಳ್ತಾಳೆ. ಕರ್ಕೊಂಡು ಹೋಗ್ಬೇಕಾ?

ಹೆಚ್ಚಿನ ಮಕ್ಕಳು ಅಳುವುದು ಮೊದಲ ಎರಡು ರಾತ್ರಿ, ಅದೂ ದೀಪ ಆರಿಸಿದ ಅರ್ಧ ಗಂಟೆ. ಹಗಲು ಚೆನ್ನಾಗಿ ಉಂಡು ಆಡುತ್ತಿದ್ದರೆ ಗಾಬರಿ ಬೇಡ. ಹೊರಡುವಾಗ "ಇಷ್ಟ ಆಗದಿದ್ರೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ" ಎನ್ನುವ ಮಾತನ್ನು ದಯವಿಟ್ಟು ಆಡಬೇಡಿ. ಪ್ರೀತಿಯಿಂದ ಆಡಿದ ಆ ಮಾತೇ ಮಗುವಿಗೆ ವಾರವಿಡೀ ಬಾಗಿಲ ಕಡೆ ನೋಡುವಂತೆ ಮಾಡುತ್ತದೆ. ಬದಲಿಗೆ "ಶನಿವಾರ ಸಂಜೆ ಗೇಟಿನ ಹತ್ತಿರ ನಿಂತಿರ್ತೀನಿ" ಅನ್ನಿ.

ನಾಯಕರು ಅಂಥ ಮಗುವಿಗೆ ಸಂಜೆಯ ಹೊತ್ತಿಗೆ ಒಂದು ಹೊಣೆ ಕೊಡಬೇಕು: ಲಾಟೀನು ಹಚ್ಚುವುದು, ಮರುದಿನದ ಧ್ವಜ ಮಡಚಿಡುವುದು. ಎರಡು ದಿನ ಊಟ, ನಿದ್ದೆ ಎರಡೂ ಬಿಟ್ಟರೆ ಮಾತ್ರ ಮನೆಗೆ ತಿಳಿಸಿ ಕಳಿಸಿ. ಹಾಗೆ ಹೋದ ಮಗುವನ್ನು ಯಾರೂ ಹಂಗಿಸದಂತೆ ನೋಡಿಕೊಳ್ಳುವುದು ದಳದ ಕರ್ತವ್ಯ.

ನಾಲ್ಕು ದಿನದಿಂದ ಕಕ್ಕಸಿಗೇ ಹೋಗಿಲ್ಲ, ಈಗ ಹೊಟ್ಟೆನೋವು ಅಂತಾನೆ.

ಹೆಚ್ಚಿನ ಹೊಟ್ಟೆನೋವಿಗೆ ಕಾರಣ ಅಡುಗೆಯಲ್ಲ, ಇದೇ. ಗುಂಡಿ ಕಕ್ಕಸಿನ ಅಭ್ಯಾಸವಿಲ್ಲ, ಹೊರಗೆ ಗೆಳೆಯರು ಕಾಯುತ್ತಿರುತ್ತಾರೆ, ಮಗು ತಡೆದುಕೊಳ್ಳುತ್ತದೆ. ಕುಕ್ಕರುಗಾಲಿನಲ್ಲಿ ಕೂರುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿಸಿ. ಶಿಬಿರದಲ್ಲಿ ಎದ್ದ ಕೂಡಲೇ ಒಂದು ಲೋಟ ಬಿಸಿನೀರು, ಆಮೇಲೆ 20 ನಿಮಿಷ ಯಾವ ಕಾರ್ಯಕ್ರಮವೂ ಬೇಡ. ವೇಳಾಪಟ್ಟಿಯಲ್ಲಿ ಆ ಬಿಡುವು ಇಲ್ಲದ ಶಿಬಿರದಲ್ಲಿ ಈ ದೂರು ತಪ್ಪುವುದಿಲ್ಲ. ಊಟಕ್ಕೆ ಬಾಳೆಹಣ್ಣು, ಪಪ್ಪಾಯಿ, ಸೊಪ್ಪು ಇರಲಿ. ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು ಜ್ವರ, ವಾಂತಿ ಸೇರಿದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ.

ಗೈಡ್ಸ್ (ಸ್ಕೌಟ್‌ನ ಹುಡುಗಿಯರ ವಿಭಾಗ) ಹುಡುಗಿಯರಿಗೆ ಶಿಬಿರದಲ್ಲಿ ಮುಟ್ಟಾದರೆ?

ಆಗಿಯೇ ಆಗುತ್ತದೆ, ಸ್ಥಳ ಬದಲಾದಾಗ ದಿನಕ್ಕೆ ಮುಂಚೆಯೂ ಆಗಬಹುದು. ಇನ್ನೂ ಮುಟ್ಟಾಗದ ಹುಡುಗಿಯ ಬ್ಯಾಗಿನಲ್ಲೂ ಒಂದು ಪ್ಯಾಕೆಟ್ ಪ್ಯಾಡ್, ಎರಡು ಕಪ್ಪು ಕವರ್, ಹಳೆ ಪತ್ರಿಕೆ ಇರಲಿ. ಗೈಡ್ ಕ್ಯಾಪ್ಟನ್ ಮೊದಲ ಸಂಜೆಯೇ ಪ್ಯಾಡ್ ಎಲ್ಲಿದೆ, ಬಳಸಿದ್ದನ್ನು ಎಲ್ಲಿ ಹಾಕಬೇಕು ಎಂದು ಎಲ್ಲರಿಗೂ ಹೇಳಿಬಿಟ್ಟರೆ ಯಾವ ಮಗುವೂ ಕೇಳಲು ನಾಚುವುದಿಲ್ಲ. ಗುಂಡಿ ಕಕ್ಕಸಿಗೆ ಪ್ಯಾಡ್ ಹಾಕಿಸಬೇಡಿ. ಧ್ವಜಾರೋಹಣ, ಅಡುಗೆ, ಪ್ರಾರ್ಥನೆ ಯಾವುದರಿಂದಲೂ ಆ ಹುಡುಗಿಯನ್ನು ದೂರ ಕೂರಿಸುವಂತಿಲ್ಲ.

ಜಿಗಣೆ ಕಚ್ಚಿದರೆ ಉಪ್ಪು ಹಾಕೋದಾ, ಬೆಂಕಿ ಇಡೋದಾ?

ಎರಡೂ ಬೇಡ. ಬೆಂಕಿ ಮಗುವಿನ ಚರ್ಮವನ್ನೇ ಸುಡುತ್ತದೆ. ಉಪ್ಪು ಹಾಕಿದರೆ ಜಿಗಣೆ ಕುಡಿದದ್ದನ್ನು ಗಾಯಕ್ಕೇ ಕಕ್ಕಬಹುದು. ತೆಳು ತುದಿಯ ಬಾಯಿಯ ಕಡೆ ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಆಮೇಲೂ ರಕ್ತ ಸೋರುತ್ತದೆ. ಸೋಪು ನೀರಿನಲ್ಲಿ ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ. ಉಪ್ಪು ಕೆಲಸಕ್ಕೆ ಬರುವುದು ಮುಂಚೆ: ಕಾಲುಚೀಲದ ಹೊರಮೈಗೆ ಉಪ್ಪುನೀರು ಹಚ್ಚಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ.

ಉಣ್ಣಿ ಬೇರೆ. ಅದನ್ನು ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಎಳೆಯಬೇಕು, ತಿರುಚಬಾರದು. ದಿನ ಸಂಜೆ ಸ್ನಾನದ ಹೊತ್ತಿಗೆ ಕಂಕುಳು, ತೊಡೆಸಂದು, ಕಿವಿ ಹಿಂದೆ ನೋಡಿಕೊಳ್ಳಲು ಮಕ್ಕಳಿಗೆ ಹೇಳಿ. ಶಿಬಿರ ಮುಗಿದ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ ಉಣ್ಣಿಯ ವಿಷಯ ತಪ್ಪದೆ ತಿಳಿಸಿ.

ನಿಜವಾಗಿ ಹೆಚ್ಚು ಕಾಡುವುದು ಕಂಬಳಿಹುಳು. ಕಾಫಿ ಗಿಡದ ಮೇಲೆ ಒಣಗಹಾಕಿದ ಟವೆಲ್‌ಗೆ ಅದರ ರೋಮ ಅಂಟಿ, ಅದರಲ್ಲಿ ಮೈ ಒರೆಸಿಕೊಂಡ ಮಗು ರಾತ್ರಿಯಿಡೀ ಕೆರೆದುಕೊಳ್ಳುತ್ತದೆ. ಬಟ್ಟೆ ಹಗ್ಗದ ಮೇಲೇ ಹರವಬೇಕು, ಕ್ಲಿಪ್ ಕೇಳಿದ್ದು ಇದಕ್ಕೆ. ರೋಮ ಚುಚ್ಚಿದ್ದರೆ ಉಜ್ಜದೆ, ಅಂಟುಪಟ್ಟಿ ಒತ್ತಿ ಕೀಳಿ.

## ಜಾಗ, ಡೇರೆ, ಅಡುಗೆ

ಪರಿಚಯದವರು ತೋಟದಲ್ಲಿ ಜಾಗ ಕೊಡ್ತೀವಿ ಅಂತಾರೆ. ಏನೇನು ನೋಡಬೇಕು?

ಮೊದಲು ಮೇಲೆ ನೋಡಿ. ಸಿಲ್ವರ್ ಓಕ್ ಕೊಂಬೆ ಮುಂಗಾರು ಪೂರ್ವದ ಗಾಳಿಗೆ ಮುರಿದು ಬೀಳುತ್ತದೆ, ಅದರಡಿ ಡೇರೆ ಹಾಕಬಾರದು. ಒಣಗಿದ ನೆರಳು ಮರದಡಿಯೂ ಬೇಡ. ಆಮೇಲೆ ಹಲಸಿನ ಮರ ಎಲ್ಲಿದೆ ನೋಡಿ. ಹಣ್ಣಿನ ವಾಸನೆಗೆ ಆನೆ ತೋಟದೊಳಗೇ ಬರುತ್ತದೆ. ಸಿದ್ದಾಪುರ, ಪೊನ್ನಂಪೇಟೆ, ಸುಂಟಿಕೊಪ್ಪ ಕಡೆಯ ತೋಟದವರಿಗೆ ಇದು ಹೊಸದಲ್ಲ. "ಈ ವಾರ ಆನೆ ಬಂದಿತ್ತಾ?" ಎಂದು ಮಾಲೀಕರ ಜೊತೆ ಲೈನ್‌ಮನೆಯ ಕಾರ್ಮಿಕರನ್ನೂ ಕೇಳಿ, ಅವರಿಗೆ ದಾರಿ ಗೊತ್ತಿರುತ್ತದೆ. ಬಂದಿತ್ತು ಎಂದರೆ ಡೇರೆ ಬಿಟ್ಟು ಶಾಲೆಯ ಕಟ್ಟಡದಲ್ಲೋ ಕಾಫಿ ಗೋದಾಮಿನಲ್ಲೋ ಮಲಗಿಸಿ. ಡೇರೆಯಲ್ಲೇ ಮಲಗಿಸಬೇಕೆಂಬ ಹಟಕ್ಕೆ ಇಲ್ಲಿ ಜಾಗವಿಲ್ಲ. ಸ್ಥಳೀಯ ಅರಣ್ಯ ಕಚೇರಿಗೂ ಪೊಲೀಸ್ ಠಾಣೆಗೂ ಶಿಬಿರದ ದಿನಾಂಕ ಬರೆದು ಕೊಡಿ.

ಔಷಧಿ ಸಿಂಪಡಿಸಿ ಎಷ್ಟು ದಿನವಾಯಿತು, ರಾತ್ರಿ ಹೊತ್ತು ಜೀಪು ಅಂಗಳದವರೆಗೆ ಬರುತ್ತದಾ, ಮೊಬೈಲ್ ಸಿಗ್ನಲ್ ಎಲ್ಲಿ ನಿಂತರೆ ಸಿಗುತ್ತದೆ, ಇವೂ ಮುಖ್ಯ. ಜಾಗ ನೋಡಲು ಹಗಲೊಮ್ಮೆ, ಮಳೆ ಬಿದ್ದ ಮರುದಿನ ಇನ್ನೊಮ್ಮೆ ಹೋಗಿ. ನೀರು ಎಲ್ಲಿ ನಿಲ್ಲುತ್ತದೆಂದು ಎರಡನೇ ಸಲ ಗೊತ್ತಾಗುತ್ತದೆ.

ಸುತ್ತ ಕಾಲುವೆ ತೋಡಿದ್ರೂ ರಾತ್ರಿ ಡೇರೆಯೊಳಗೆ ನೀರು ಬಂತು. ಯಾಕೆ?

ಮೂರು ಕಾರಣ. ಒಂದು, ನೆಲಕ್ಕೆ ಹಾಸಿದ ಹಾಳೆ ಡೇರೆಯ ಅಂಚಿನಿಂದ ಹೊರಗೆ ಚಾಚಿರುತ್ತದೆ. ಬಟ್ಟೆಯ ಮೇಲಿಂದ ಇಳಿದ ನೀರು ಅದರ ಮೇಲೆ ಬಿದ್ದು ನೇರ ಹಾಸಿಗೆಯಡಿಗೆ ಬರುತ್ತದೆ. ಹಾಳೆ ಅಂಚಿನಿಂದ ನಾಲ್ಕು ಬೆರಳು ಒಳಗಿರಬೇಕು. ಎರಡು, ಹತ್ತಿಬಟ್ಟೆಯ ಡೇರೆಗೆ ಒಳಗಿನಿಂದ ಬೆರಳೋ ಬ್ಯಾಗೋ ತಾಗಿದರೆ ಆ ಜಾಗದಲ್ಲೇ ತೊಟ್ಟಿಕ್ಕಲು ಶುರುವಾಗುತ್ತದೆ. ಮೂರು, ಕಾಲುವೆ ತೋಡಿದವರು ನೀರು ಹೊರಹೋಗಲು ದಾರಿ ಮಾಡಿರುವುದಿಲ್ಲ. 10 ಸೆಂ.ಮೀ. ಆಳ ಸಾಕು, ಆದರೆ ಇಳಿಜಾರಿನ ಕಡೆ ಬಾಯಿ ಬಿಡಿಸಿರಬೇಕು.

ಹಗ್ಗದ ವಿಷಯವನ್ನು ಪ್ರತಿ ಪಟ್ರೋಲ್ ಲೀಡರ್‌ಗೂ ಕೈಹಿಡಿದು ತೋರಿಸಿ. ಹತ್ತಿ ಹಗ್ಗ ನೆಂದರೆ ಕುಗ್ಗುತ್ತದೆ: ಸಂಜೆ ಬಿಗಿಯಾಗಿ ಕಟ್ಟಿದ್ದು ನಡುರಾತ್ರಿ ಗೂಟವನ್ನೇ ಕಿತ್ತು ಡೇರೆ ಮಲಗಿಸುತ್ತದೆ. ನೈಲಾನ್ ಇದಕ್ಕೆ ಉಲ್ಟಾ, ನೆಂದರೆ ಸಡಿಲ. ಹಾಗಾಗಿ ಮಲಗುವ ಮುಂಚೆ ಹತ್ತಿ ಹಗ್ಗವನ್ನು ಎರಡು ಬೆರಳಷ್ಟು ಸಡಿಲಿಸಿ, ನೈಲಾನನ್ನು ಬಿಗಿ ಮಾಡಿ.

36 ಜನಕ್ಕೆ ಅಕ್ಕಿ, ಬೇಳೆ ಎಷ್ಟು ಹಾಕಬೇಕು?

ಒಂದು ಹೊತ್ತಿಗೆ ತಲೆಗೆ 120 ಗ್ರಾಂ ಅಕ್ಕಿ, ಅಂದರೆ 4.3 ಕೆಜಿ. ತೊಗರಿಬೇಳೆ 35 ಗ್ರಾಂ, ಸುಮಾರು 1.25 ಕೆಜಿ. ತರಕಾರಿ 150 ಗ್ರಾಂ, ಐದೂವರೆ ಕೆಜಿ. ಎಣ್ಣೆ ದಿನಕ್ಕೆ 900 ಮಿ.ಲೀ. ಮೊದಲ ದಿನ ಅಕ್ಕಿ ಒಂದು ಕೆಜಿ ಕಡಿಮೆ ಹಾಕಿ, ಮನೆಯಿಂದ ತಂದ ಕುರುಕಲು ತಿಂದಿರುತ್ತಾರೆ. ಚಾರಣದ ರಾತ್ರಿ ಒಂದು ಕೆಜಿ ಹೆಚ್ಚು.

ಬೆಳಗಿನ ತಿಂಡಿಗೆ ಕಡಂಬುಟ್ಟು ಒಳ್ಳೆಯದು, ಮಕ್ಕಳೇ ಉಂಡೆ ಕಟ್ಟುತ್ತಾರೆ. ಒಂದು ಅಳತೆ ಅಕ್ಕಿತರಿಗೆ ಎರಡೂವರೆ ಅಳತೆ ನೀರು, ಉಪ್ಪು. ಕುದಿಯುವಾಗ ತರಿಯನ್ನು ಕೈಬಿಡದೆ ತಿರುವುತ್ತಾ ಸುರಿಯಬೇಕು, ನೀರು ಇಂಗಿದ ಮೇಲೆ ಮುಚ್ಚಿ ಹತ್ತು ನಿಮಿಷ ಬಿಡಬೇಕು. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ 15-20 ನಿಮಿಷ ಹಬೆಯಲ್ಲಿ ಬೇಯಿಸಿ. ಉಂಡೆಗಳನ್ನು ಒಂದರ ಮೇಲೊಂದು ಪೇರಿಸಿದರೆ ನಡುವಿನವು ಹಸಿಯಾಗಿ ಉಳಿಯುತ್ತವೆ.

ಕುಡಿಯುವ ನೀರಿಗೆ ತೋಡಿನ (ಸಣ್ಣ ಹಳ್ಳದ) ನೀರು ಸಾಕಲ್ವಾ, ತಿಳಿಯಾಗೇ ಇದೆ?

ತಿಳಿ ನೀರಿಗೂ ಶುದ್ಧ ನೀರಿಗೂ ಸಂಬಂಧವಿಲ್ಲ, ಮೇಲಿನ ತೋಟದ ಸಗಣಿ, ಔಷಧಿ ಎಲ್ಲ ಅದರಲ್ಲೇ ಬರುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಔಷಧಿ ಹೋಗುವುದಿಲ್ಲ. ಹಾಗಾಗಿ ತೋಟದ ಮನೆಯವರು ಕುಡಿಯುವ ಬಾವಿಯ ನೀರನ್ನೇ ತಂದು, ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ. ತಲೆಗೆ ದಿನಕ್ಕೆ 3 ಲೀಟರ್ ಲೆಕ್ಕದಲ್ಲಿ 36 ಜನಕ್ಕೆ 108 ಲೀಟರ್. ಇದನ್ನು ಹಿಂದಿನ ಸಂಜೆಯೇ ಕುದಿಸಿ ಮುಚ್ಚಿಡಬೇಕು. ಬೆಳಿಗ್ಗೆ ಕುದಿಸಿದರೆ ಆಟದ ಹೊತ್ತಿಗೂ ಬಿಸಿ ಇರುತ್ತದೆ, ಮಕ್ಕಳು ಅದನ್ನು ಬಿಟ್ಟು ತೋಡಿಗೆ ಓಡುತ್ತಾರೆ.

ಭೇದಿಯಾದರೆ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ) ಪ್ಯಾಕೆಟ್. ಅದಿಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಕಕ್ಕಸು ಗುಂಡಿಯ ಅಳತೆ ಏನು?

90 ಸೆಂ.ಮೀ. ಉದ್ದ, 30 ಅಗಲ, 60 ಆಳ. ಬಾವಿ, ತೋಡಿನಿಂದ ಕನಿಷ್ಠ 30 ಮೀಟರ್ ದೂರ, ಇಳಿಜಾರಿನ ಕೆಳಗಡೆ. ತೆಗೆದ ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಮಾಡಿ, ಹೋದವರು ಪ್ರತಿ ಸಲ ಎರಡು ಬೊಗಸೆ ಮಣ್ಣು ಹಾಕಿ ಬರಲಿ. ವಾಸನೆ, ನೊಣ ಎರಡೂ ನಿಲ್ಲುವುದು ಆ ಮಣ್ಣಿನಿಂದ.

## ದಳ ನಡೆಸುವವರಿಗೆ

ತಯಾರಿ ಎಷ್ಟು ವಾರ ಮುಂಚೆ ಶುರು ಮಾಡಬೇಕು?

ಎಂಟು ವಾರ. ಮೊದಲ ಎರಡು ವಾರ ಪಟ್ರೋಲ್ ಕಟ್ಟುವುದಕ್ಕೆ. ಹಳಬರು, ಹೊಸಬರು ಬೆರೆತಿರಲಿ, ಅಣ್ಣತಮ್ಮಂದಿರು ಬೇರೆ ಬೇರೆ ಪಟ್ರೋಲ್‌ನಲ್ಲಿರಲಿ. ಮೂರರಿಂದ ಐದನೇ ವಾರ ಗಂಟು ಮತ್ತು ಕಟ್ಟು: ರೀಫ್, ಕ್ಲೋವ್ ಹಿಚ್, ಶೀಟ್ ಬೆಂಡ್, ಬೋಲೈನ್, ಸ್ಕ್ವೇರ್ ಲ್ಯಾಶಿಂಗ್. ಇವಿಷ್ಟೇ ಸಾಕು, ಕಣ್ಣು ಮುಚ್ಚಿ ಕಟ್ಟುವಷ್ಟು ಬರಬೇಕು, ಏಕೆಂದರೆ ಡೇರೆ ಕಳಚುವುದು ಹಗಲಲ್ಲ. ಆರನೇ ವಾರ ಪಟ್ರೋಲ್ ತಾನೇ ಒಲೆ ಹೂಡಿ ಒಂದು ಊಟ ಬೇಯಿಸಲಿ. ಸೌದೆಗೆ ಕಾಡಿಗೆ ಕಳಿಸಬೇಡಿ, ತೋಟದಲ್ಲಿ ಕಪಾತು ಮಾಡಿದ (ಸವರಿ ಹಾಕಿದ) ಕಾಫಿ ಕೊಂಬೆ ಚೆನ್ನಾಗಿ ಉರಿಯುತ್ತದೆ. ಒಲೆ ಸುತ್ತ 3 ಮೀಟರ್ ತರಗೆಲೆ ಗುಡಿಸಿರಬೇಕು.

ಏಳನೇ ವಾರ ಶಾಲಾ ಮೈದಾನದಲ್ಲಿ ಒಂದು ರಾತ್ರಿ. ಇದನ್ನು ಬಿಡಲೇಬಾರದು. ಯಾರು ನಿದ್ದೆಯಲ್ಲಿ ನಡೆಯುತ್ತಾರೆ, ಯಾರಿಗೆ ಹಾಸಿಗೆ ಒದ್ದೆಯಾಗುತ್ತದೆ, ಯಾವ ಡೇರೆಗೆ ತೂತಿದೆ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಹಾಸಿಗೆ ಒದ್ದೆಯಾಗುವ ಮಗುವನ್ನು ರಾತ್ರಿ 11ಕ್ಕೆ ಸದ್ದಿಲ್ಲದೆ ಎಬ್ಬಿಸಿ ಕರೆದೊಯ್ಯಿರಿ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಒಬ್ಬರೇ ಒಂದು ಮಗುವಿನ ಜೊತೆ ಡೇರೆಯೊಳಗೆ ಇರುವಂತಿಲ್ಲ. ಎಂಟನೇ ವಾರ ಪೋಷಕರ ಸಹಿ, ಅಲರ್ಜಿ, ಔಷಧಿ, ರಕ್ತದ ಗುಂಪಿನ ಪಟ್ಟಿ ಮತ್ತು ಬ್ಯಾಗ್ ತಪಾಸಣೆ.

ಗುಡುಗು ಶುರುವಾದರೆ ಮಕ್ಕಳನ್ನು ಡೇರೆಗೆ ಸೇರಿಸೋದಾ?

ಇಲ್ಲ. ಡೇರೆ ಸಿಡಿಲನ್ನು ತಡೆಯುವುದಿಲ್ಲ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ, 3ರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ. ಎಣಿಕೆ 30ಕ್ಕಿಂತ ಕಡಿಮೆಯಾದರೆ ಎಲ್ಲರೂ ಪಕ್ಕಾ ಕಟ್ಟಡದೊಳಗೆ ಅಥವಾ ಮುಚ್ಚಿದ ವಾಹನದೊಳಗೆ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬಿಡಬೇಡಿ. ಧ್ವಜಸ್ತಂಭ, ಒಂಟಿ ಮರ, ತಂತಿ ಬೇಲಿಯ ಬಳಿ ಯಾರೂ ನಿಲ್ಲಬಾರದು.

ಕಾವೇರಿಯಲ್ಲಿ ಸ್ನಾನಕ್ಕೆ ಇಳಿಸಬಹುದಾ?

ಬೇಡ. ಬೇಸಿಗೆಯಲ್ಲಿ ನೀರು ಮೊಣಕಾಲಷ್ಟೇ ಕಂಡರೂ ಬಂಡೆಗಳ ನಡುವೆ ಆಳದ ಗುಂಡಿಗಳಿವೆ, ಪಾಚಿ ಜಾರುತ್ತದೆ, ಮೇಲ್ಗಡೆ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೇ ನೀರೇರುತ್ತದೆ. ಹಾರಂಗಿ ಹಿನ್ನೀರಿನ ಅಂಚಿನ ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತದೆ. ಸ್ನಾನ ಬಕೆಟ್‌ನಲ್ಲಿ.

ತಡಿಯಂಡಮೋಳ್ ಹತ್ತಿಸಬೇಕು ಅಂತಿದ್ದೀವಿ. ಮಕ್ಕಳಿಗೆ ಆಗುತ್ತಾ?

1,748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ಕಕ್ಕಬೆಯ ನಾಲ್ಕುನಾಡು ಅರಮನೆ ಕಡೆಯಿಂದ ದಾರಿ. 12 ದಾಟಿದ, ನಡೆದು ಅಭ್ಯಾಸವಿರುವ ಮಕ್ಕಳಿಗೆ ಆಗುತ್ತದೆ. ಶಿಬಿರದ ಐದನೇ ದಿನ ಇಟ್ಟುಕೊಳ್ಳಿ. ಅರಣ್ಯ ಇಲಾಖೆಯ ಅನುಮತಿ ಮುಂಚೆಯೇ ಪಡೆಯಿರಿ. ಸಮತಟ್ಟಿನಲ್ಲಿ ಗಂಟೆಗೆ 3 ಕಿ.ಮೀ., ಜೊತೆಗೆ ಪ್ರತಿ 100 ಮೀಟರ್ ಏರಿಗೆ 15 ನಿಮಿಷ ಎಂದು ಲೆಕ್ಕ ಹಾಕಿ. ಅವಕಾಶ ಸಿಕ್ಕಷ್ಟು ಬೇಗ ಹೊರಟು, ಮಧ್ಯಾಹ್ನ ಒಂದರೊಳಗೆ ಕೆಳಗಿರಬೇಕು. ಮೇಲಿನ ಹುಲ್ಲುಗುಡ್ಡದಲ್ಲಿ ಸಿಡಿಲಿಗೆ ಮರೆಯಿಲ್ಲ. ಎಲ್ಲರಿಗಿಂತ ನಿಧಾನ ನಡೆಯುವವನು ಮುಂದೆ, ಒಬ್ಬ ನಾಯಕ ಕೊನೆಯಲ್ಲಿ. ಮೋಡ ಕಟ್ಟಿದರೆ ಶಿಖರ ನೂರು ಹೆಜ್ಜೆ ಇದ್ದರೂ ಹಿಂದಿರುಗಿ.

ಹಾವು ಕಚ್ಚಿದರೆ?

ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಮಗುವನ್ನು ನಡೆಸದೆ, ಕಚ್ಚಿದ ಕೈಕಾಲಿಗೆ ಕೋಲು ಕೊಟ್ಟು ಅಲುಗದಂತೆ ಕಟ್ಟಿ, ಎತ್ತಿಕೊಂಡು ಜೀಪಿಗೆ. ಉಂಗುರ, ದಾರ, ಶೂ ತೆಗೆಯಿರಿ. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ ಎಂದು ಶಿಬಿರ ಶುರುವಾಗುವ ಹಿಂದಿನ ದಿನವೇ ಫೋನ್ ಮಾಡಿ ಕೇಳಿ ಗೋಡೆಗೆ ಬರೆದು ಅಂಟಿಸಿ. 108 ಆಂಬುಲೆನ್ಸ್ ಬರುವುದು ತಡವಾಗಬಹುದು, ಒಂದು ವಾಹನ ಮತ್ತು ಓಡಿಸುವವರು ರಾತ್ರಿ ಪೂರ್ತಿ ಶಿಬಿರದಲ್ಲೇ ಇರಬೇಕು. ರಾತ್ರಿ ಎದ್ದರೆ ಟಾರ್ಚ್ ಹಾಕಿ, ಶೂ ಕೊಡವಿ ಹಾಕುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಸಿ.

ಕೊನೆಯ ದಿನ ಏನೇನು ನೋಡಬೇಕು?

ಗುಂಡಿಗಳನ್ನು ಮುಚ್ಚಿ, ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರ ಮಣ್ಣು ಪೇರಿಸಿ, ಮಳೆಗೆ ಅದು ಕುಸಿಯುತ್ತದೆ. ಒಲೆಯ ಬೂದಿಗೆ ನೀರು ಹಾಕಿ ಕೈಯಿಟ್ಟು ನೋಡಿ, ಬಿಸಿ ತಾಗಿದರೆ ಇನ್ನೊಂದು ಬಿಂದಿಗೆ. ಮಕ್ಕಳನ್ನು ಕೈಯಳತೆಯ ದೂರಕ್ಕೆ ಸಾಲಾಗಿ ನಿಲ್ಲಿಸಿ ಮೈದಾನವಿಡೀ ನಡೆಸಿ, ಚಾಕೊಲೇಟ್ ಕಾಗದ, ಹಗ್ಗದ ಚೂರು ಆರಿಸಲಿ. ಡೇರೆಗಳನ್ನು ಒದ್ದೆ ಮಡಚಿ ತಂದಿದ್ದರೆ ಮರುದಿನವೇ ಬಿಚ್ಚಿ ಹರವಬೇಕು. ನಾಲ್ಕು ದಿನ ಕಟ್ಟಿಟ್ಟರೆ ಬೂಸ್ಟು ಹಿಡಿದು, ಮುಂದಿನ ವರ್ಷ ಹೊಲಿಗೆಯ ಗುಂಟ ಹರಿಯುತ್ತದೆ.